ನುಡಿಯ ಶುದ್ಧಾಶುದ್ಧತೆ: ಗುರುಗುಂಟಾ ಸೀಮೆಯ ಮಾತನ್ನು ಮುಂದಿಟ್ಟು ಒಂದು ವಿವೇಚನೆ

ರಾಯಚೂರು ಸೀಮೆಯ ಕನ್ನಡವನ್ನು ಕುರಿತ ಒಂದು ಮಾತು ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದು. ಈ ಕನ್ನಡ ಉರ್ದುವಿನೊಡನೆ ಬೆರೆತುದು, ತೆಲುಗಿನ ನೆರಳು ಬಿದ್ದುದು, ಆದುದರಿಂದ ಅಶುದ್ಧವಾದುದು ಎಂಬುದೇ ಆ ಮಾತು. ಹೊರಗಿನವರು ಮಾತ್ರ ಹೀಗೆ ಹೇಳಿದ್ದರೆ ಅದನ್ನು ಅಷ್ಟಾಗಿ ಎಣಿಸಬೇಕಾಗಿರಲಿಲ್ಲ. ಲಿಂಗಸುಗೂರು, ಸಿಂಧನೂರು, ಮಸ್ಕಿಗಳ ಶಾಲೆಗಳಲ್ಲಿ ಓದಿ, ಮುಂದೆ ಕನ್ನಡದಲ್ಲಿಯೇ ಉನ್ನತ ವ್ಯಾಸಂಗ ಮಾಡಿದ ತರುಣರೂ ತಮ್ಮ ಮನೆಮಾತನ್ನು ಕುರಿತು ಇದನ್ನೇ ಹೇಳುತ್ತಾರೆ. ವೇದಿಕೆಯ ಮೇಲೆ ನಿಂತಾಗ ತಾಯಿಯಿಂದ ಕಲಿತ ಮಾತನ್ನು ಮರೆಸಿ ಬೇರೊಂದು ಕನ್ನಡವನ್ನು ತೊಡುತ್ತಾರೆ. ಇನ್ನೊಂದು ಕಡೆ, ಇದೇ ವಿದ್ಯಾರ್ಥಿಗಳು ವಚನಗಳನ್ನು ಕುರಿತು ಬರೆಯುವಾಗ ‘ಅಚ್ಚಗನ್ನಡ’, ‘ಆಡುಮಾತಿನ ಸೊಗಸು’ ಎಂಬ ಹೊಗಳಿಕೆಯನ್ನು ಧಾರಾಳವಾಗಿ ಬಳಸುತ್ತಾರೆ. ಆಡುಮಾತು ಹನ್ನೆರಡನೆಯ ಶತಮಾನದ್ದಾದರೆ ಸೊಗಸು, ಇಂದಿನದಾದರೆ ದೋಷ ಎಂಬ ಈ ನ್ಯಾಯ ವಿಚಿತ್ರವಾದುದು. ಎರಡು ತೀರ್ಪುಗಳ ಹಿಂದೆಯೂ ಇರುವ ತಿಳಿವಳಿಕೆ ಒಂದೇ: ಭಾಷೆಯೆಂದರೆ ಪದಗಳ ರಾಶಿ, ಆ ರಾಶಿಯಲ್ಲಿ ಪರಕೀಯ ಕಾಳುಗಳೆಷ್ಟಿವೆ ಎಂದು ಎಣಿಸಿದರೆ ಭಾಷೆಯ ಬೆಲೆ ಗೊತ್ತಾಗುತ್ತದೆ. ಭಾಷೆ ಹೇಗೆ ನಡೆಯುತ್ತದೆ, ಒಂದು ಭಾಷೆ ಇನ್ನೊಂದರಿಂದ ಯಾವ ಬಗೆಯಲ್ಲಿ ಭಿನ್ನವಾಗುತ್ತದೆ ಎಂಬುದನ್ನು ನೋಡಿದರೆ ಈ ತಿಳಿವಳಿಕೆ ನಿಲ್ಲುವುದಿಲ್ಲವೆಂಬುದು ಪ್ರಸ್ತುತ ಲೇಖನದ ವಾದ. ದೂರದ ಉದಾಹರಣೆಗಳಿಗೆ ಹೋಗದೆ ಗುರುಗುಂಟಾ ಪರಿಸರದಿಂದಲೇ ಇದನ್ನು ತೋರಿಸಬಹುದು.

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಒಂದು ಕಾಲಕ್ಕೆ ಹೈದರಾಬಾದ್ ರಾಜ್ಯದೊಳಗಿನ ಚಿಕ್ಕ ಸಂಸ್ಥಾನವೊಂದರ ಊರು. ಸಮೀಪದಲ್ಲಿ ಹಟ್ಟಿಯ ಚಿನ್ನದ ಗಣಿ, ಉತ್ತರಕ್ಕೆ ಕೃಷ್ಣಾ ನದಿ, ಪಕ್ಕದಲ್ಲಿ ಅಮರೇಶ್ವರ ಕ್ಷೇತ್ರ. ಈ ಭಾಗದ ಸಂತೆಯಲ್ಲಿ ನಿಂತರೆ ಕನ್ನಡದ ಜೊತೆಗೆ ದಖನಿ ಉರ್ದು, ತೆಲುಗು, ತಾಂಡಾಗಳಿಂದ ಬಂದವರ ಲಂಬಾಣಿ ಕಿವಿಗೆ ಬೀಳುತ್ತವೆ; ಮರಾಠಿಯೂ ಅಪರೂಪವಲ್ಲ. ಇವುಗಳಲ್ಲಿ ಕನ್ನಡ ಮತ್ತು ತೆಲುಗು ದ್ರಾವಿಡ ವರ್ಗದವು. ಉರ್ದು, ಮರಾಠಿ, ಲಂಬಾಣಿಗಳು ಆರ್ಯ ವರ್ಗದವು. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದು ಬೇರೆಯೇ ಬಳಗ ಎಂಬುದನ್ನು 1816ರಲ್ಲಿ ಎಲ್ಲಿಸ್ ಸೂಚಿಸಿದನು. 1856ರಲ್ಲಿ ಕಾಲ್ಡ್‌ವೆಲ್ ವಿಸ್ತಾರವಾಗಿ ಪ್ರತಿಪಾದಿಸಿದನು. ಇಷ್ಟು ಕಾಲ ಕಳೆದ ಮೇಲೂ ಸಂಸ್ಕೃತವೇ ಸಕಲ ಭಾಷೆಗಳ ಜನನಿ ಎಂಬ ಮಾತು ಉಪನ್ಯಾಸಗಳಲ್ಲಿ ಕೇಳಿಬರುತ್ತಲೇ ಇರುವುದರಿಂದ ಇದನ್ನು ಹೇಳಬೇಕಾಯಿತು. ಸಂಸ್ಕೃತದ ಮೇಲಣ ಗೌರವಕ್ಕೆ ಆ ಮಾತಿನ ಆಧಾರ ಬೇಕಾಗಿಲ್ಲ.

ಊರಿನ ಹೆಸರನ್ನೇ ನೋಡಬಹುದು. ಇಂದಿನ ಕನ್ನಡದ ನಾಮಪದಗಳು ಸಾಮಾನ್ಯವಾಗಿ ಅ, ಇ, ಉ, ಎ ಎಂಬ ಹ್ರಸ್ವಸ್ವರಗಳಲ್ಲಿ ಕೊನೆಗೊಳ್ಳುತ್ತವೆ. ‘ಗುರುಗುಂಟಾ’ ಎಂದು ದೀರ್ಘಾಂತವಾಗಿ ಬರೆಯುವ ರೂಢಿ ಹೇಗೆ ಬಂತು? ಉರ್ದು ಲಿಪಿಯಲ್ಲಿ ಪದಾಂತ್ಯದ ಹ್ರಸ್ವಸ್ವರವನ್ನು ತೋರಿಸುವ ಅನುಕೂಲವಿಲ್ಲ. ಅದನ್ನು ದೀರ್ಘಾಕ್ಷರದಿಂದ ಬರೆದು, ಮರಳಿ ಕನ್ನಡಕ್ಕೆ ಇಳಿಸಿಕೊಂಡಾಗ ‘ಆ’ಕಾರವೇ ನಿಂತಿತೆಂಬುದು ನನ್ನ ಊಹೆ. ಅದು ಸರಿಯಾಗಿದ್ದರೆ, ದಫ್ತರದ ಲಿಪಿಯೊಂದು ಊರಿನ ಹೆಸರಿನ ಕೊನೆಯಲ್ಲಿ ತನ್ನ ಗುರುತನ್ನು ಬಿಟ್ಟುಹೋದಂತಾಯಿತು.

ಈಗ ಬೆರಕೆಯ ಆರೋಪಕ್ಕೆ ಬರೋಣ. ಹೈದರಾಬಾದ್ ರಾಜ್ಯದ ಆಡಳಿತ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಆಗ ಉರ್ದುವೇ ಆಗಿತ್ತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವನ್ನು ಸೇರುವ ಮೊದಲು ಈ ಭಾಗದ ರೈತನಿಗೆ ಕಚೇರಿ, ಕಾಗದಪತ್ರ, ವ್ಯಾಜ್ಯಗಳು ಬಹುಮಟ್ಟಿಗೆ ಆ ಭಾಷೆಯ ಮೂಲಕವೇ ಎದುರಾದವು. ಆದುದರಿಂದ ಜಮೀನು, ದಫ್ತರ, ಜವಾಬು, ಕಲಮು, ಕುರ್ಚಿ ಮೊದಲಾದ ಶಬ್ದಗಳು ಇಲ್ಲಿ ಹೇರಳವಾಗಿರುವುದು ಸಹಜ. (ಇವುಗಳಲ್ಲಿ ಹೆಚ್ಚಿನವು ಮೈಸೂರಿನ ಕನ್ನಡದಲ್ಲಿಯೂ ಇವೆ, ಅಲ್ಲಿ ಅವನ್ನು ಯಾರೂ ಬೆರಕೆಯೆನ್ನುವುದಿಲ್ಲ.) ಗಮನಿಸಬೇಕಾದುದು ಈ ಶಬ್ದಗಳು ಬಂದ ಮೇಲೆ ಏನಾದವು ಎಂಬುದನ್ನು. ‘ಜಮೀನ್’ ಎಂಬ ವ್ಯಂಜನಾಂತ ಪದಕ್ಕೆ ಕನ್ನಡವು ಉಕಾರವನ್ನು ಹಚ್ಚಿ ‘ಜಮೀನು’ ಮಾಡಿತು. ಹಾಗೆಯೇ ‘ಜವಾಬ್’ ‘ಜವಾಬು’ ಆಯಿತು. ಇಂದು ಹಟ್ಟಿಯ ಗಣಿಗೆ ಹೋಗುವವನ ಬಾಯಲ್ಲಿ ‘ಶಿಫ್ಟ್’ ‘ಶಿಫ್ಟು’ ಆಗುತ್ತದೆ. ಅರಬ್ಬಿಯಲ್ಲಿ ಕಿರುನಾಲಗೆಯ ಬಳಿ ಹುಟ್ಟುವ ಒಂದು ಕಕಾರವಿದೆ. ‘ಕಲಮು’ ಎಂಬ ಪದದ ಮೊದಲ ಧ್ವನಿ ಅದೇ. ದಖನಿಯವರು ಅದನ್ನು ‘ಖಲಮ್’ ಎಂದರು, ಕನ್ನಡಿಗರು ‘ಕಲಮು’ ಎಂದರು. ಒಂದೇ ಧ್ವನಿಯನ್ನು ಎರಡು ಭಾಷೆಗಳು ತಮ್ಮ ತಮ್ಮ ಜರಡಿಯಲ್ಲಿ ಸೋಸಿಕೊಂಡ ಬಗೆಯಿದು. ಈ ಜರಡಿಯನ್ನು ಭಾಷಾವಿಜ್ಞಾನಿಗಳು ಧ್ವನಿಮಾ ವ್ಯವಸ್ಥೆ ಎನ್ನುತ್ತಾರೆ. ‘ಕಲೆ’ ಮತ್ತು ‘ಕಳೆ’ಗಳ ನಡುವೆ, ‘ಬಿಡು’ ಮತ್ತು ‘ಬೀಡು’ಗಳ ನಡುವೆ ಅರ್ಥವನ್ನು ಬೇರ್ಪಡಿಸುವ ಅಂತರಗಳನ್ನು ಮಾತ್ರ ಪ್ರತಿಯೊಂದು ಭಾಷೆ ತನ್ನವೆಂದು ಇಟ್ಟುಕೊಳ್ಳುತ್ತದೆ, ಉಳಿದವನ್ನು ಕೇಳಿಯೂ ಕೇಳದಂತಿರುತ್ತದೆ. ಧ್ವನಿಯ ಹದವಾದ ಮೇಲೆ ವಿಭಕ್ತಿ. ‘ಜಮೀನಿನ್ಯಾಗ’, ‘ಶಿಫ್ಟಿಗೆ’, ‘ಕುರ್ಚಿಗೋಳು’. ಪಾರಸಿಯ ಬಹುವಚನ ಪ್ರತ್ಯಯವಾಗಲಿ ಇಂಗ್ಲಿಷಿನ ಉಪಸರ್ಗವಾಗಲಿ ಇಲ್ಲಿ ಕೆಲಸ ಮಾಡುತ್ತಿಲ್ಲ. ‘ಎರಡನೇ ಶಿಫ್ಟಿಗೆ ಹೋಗ್ಯಾನ’ ಎಂಬ ವಾಕ್ಯದಲ್ಲಿ ಪರಭಾಷೆಯದು ಒಂದು ಪದ, ಕಟ್ಟೋಣವೆಲ್ಲ ಕನ್ನಡದ್ದು.

ಈ ಕಟ್ಟೋಣವೆಂದರೇನು ಎಂಬುದಕ್ಕೆ ಅಮರೇಶ್ವರ ಕ್ಷೇತ್ರದ ಒಂದು ಹೆಸರಿಗಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಶರಣ ಮಾರಯ್ಯ, ಶರಣೆ ಲಕ್ಕಮ್ಮ ಇಲ್ಲಿಂದ ಕಲ್ಯಾಣಕ್ಕೆ ಹೋದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಅಲ್ಲಿಗೇ ಸುರಿದುಬರುವಂತೆ ಹೇಳಿದ ಕಥೆ ವಾಚಕರಿಗೆ ತಿಳಿದುದೇ. ಇಲ್ಲಿ ನಮ್ಮ ಲಕ್ಷ್ಯ ‘ಆಯ್ದಕ್ಕಿ’ ಎಂಬ ಮಾತಿನ ಮೇಲೆ. ಆಯ್ದ, ಅಕ್ಕಿ: ಎರಡೇ ಪದಗಳು. ‘ಆಯ್ದ’ ಎಂಬ ಕೃದಂತವು ಕ್ರಿಯೆಯನ್ನೂ ಅದು ಮುಗಿದುದನ್ನೂ ಹೇಳುತ್ತದೆ. ಯಾರು ಆಯ್ದರು, ಏನನ್ನು ಆಯ್ದರು, ಎಲ್ಲಿ, ಯಾವುದರಿಂದ ಎಂಬ ಯಾವ ಸೂಚನೆಯೂ ಅದರಲ್ಲಿಲ್ಲ. ‘ಆಯ್ದ ಅಕ್ಕಿ’ ಎಂದಾಗ ಅಕ್ಕಿ ಕರ್ಮ. ‘ಆಯ್ದ ಮಾರಯ್ಯ’ ಎಂದರೆ ಮಾರಯ್ಯ ಕರ್ತೃ. ‘ಆಯ್ದ ಅಂಗಳ’ ಎಂದರೆ ಅಂಗಳ ಅಧಿಕರಣ. ‘ಆಯ್ದ ಕೈ’ ಎಂದರೆ ಕೈ ಕರಣ. ‘ಆಯ್ದ’ ಎಂಬುದರಲ್ಲಿ ಎಳ್ಳಷ್ಟೂ ಬದಲಾವಣೆಯಿಲ್ಲದೆ ನಾಲ್ಕು ಸಂಬಂಧಗಳು ಹೊರಟವು. ಕೇಳುವವನು ಲೋಕಜ್ಞಾನದಿಂದ ಅವನ್ನು ಸರಿಯಾಗಿಯೇ ಗ್ರಹಿಸುತ್ತಾನೆ. ಸಂಸ್ಕೃತಕ್ಕೆ ಇಲ್ಲಿ ಯಃ, ಯಮ್, ಯತ್ರ, ಯೇನ ಎಂಬ ಸಂಬಂಧಸರ್ವನಾಮದ ರೂಪಗಳ ಮಾರ್ಗವಿದೆ. ಇಲ್ಲವೆ ಕರ್ತರಿ, ಕರ್ಮಣಿಗಳಿಗೆ ಬೇರೆ ಬೇರೆ ಕೃದಂತಗಳು ಬೇಕು. ಹಿಂದಿಗೆ ‘ಜೋ’ ಬೇಕು. ಇಂಗ್ಲಿಷಿಗೆ ಹೂ, ವಿಚ್, ವೇರ್ ಬೇಕು. ತೆಲುಗಿಗೆ ಇವಾವುವೂ ಬೇಡ. ಅದು ಕನ್ನಡದ ದಾರಿಯಲ್ಲಿಯೇ ನಡೆಯುತ್ತದೆ.

ಇದರಿಂದ ಕನ್ನಡವೇ ಶ್ರೇಷ್ಠವೆಂದು ಹಿಗ್ಗಬೇಕಾಗಿಲ್ಲ. ‘ಯಾರಿಗಿಂತ ಹಿರಿಯರಿಲ್ಲವೋ ಅವರು’ ಎಂಬ ಅರ್ಥವನ್ನು ಈ ಕೃದಂತದ ದಾರಿಯಲ್ಲಿ ಕಟ್ಟಲು ಬರುವುದಿಲ್ಲ. ಆಗ ನಾವೂ ‘ಯಾರು... ಅವರು’ ಎಂಬ ಬಳಸುದಾರಿಯನ್ನೇ ಹಿಡಿಯುತ್ತೇವೆ. ಒಂದು ಭಾಷೆಗೆ ಸುಲಭವಾದುದು ಇನ್ನೊಂದಕ್ಕೆ ಪ್ರಯಾಸದ್ದು. ಆದರೆ ಬೇಕಿಲ್ಲದೆಡೆಯಲ್ಲೆಲ್ಲ ‘ಯಾವ ಮನುಷ್ಯನು ಸತ್ಯವನ್ನು ನುಡಿಯುವನೋ ಅಂಥವನು’ ಎಂದು ಬರೆಯುವ ನಮ್ಮ ಪಂಡಿತಗದ್ಯ ಕನ್ನಡದ ಕಟ್ಟೋಣವನ್ನು ನಿಜವಾಗಿ ಸಡಿಲಿಸುತ್ತದೆ. ಪದಗಳಲ್ಲಿ ಒಂದೂ ಉರ್ದುವಿನದಲ್ಲದ ಈ ವಾಕ್ಯ ಶುದ್ಧವೆಂದೂ, ‘ದಫ್ತರದಾಗ ಕೆಲಸ ಮಾಡೋ ಮನಿಷಾ’ ಎಂಬ ಹಳ್ಳಿಯವನ ಮಾತು ಬೆರಕೆಯೆಂದೂ ಎಣಿಸುವವರು ಯಾವುದನ್ನು ಅಳೆಯುತ್ತಿದ್ದಾರೆ?

ಕೇಶಿರಾಜನಿಗೆ ಈ ವಿವೇಕವಿತ್ತು. ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸುವಾಗ ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಅವನು ಸ್ವೀಕರಿಸಿದನೆಂಬುದು ನಿಜ. ಆದರೆ ‘ಆಯ್ದಕ್ಕಿ’ಯಂಥ ರಚನೆಗಳು ಆ ಚೌಕಟ್ಟಿನಲ್ಲಿ ಕೂಡಲಾರವೆಂದು ಕಂಡು ಅವುಗಳಿಗೆ ಗಮಕಸಮಾಸವೆಂಬ ಬೇರೆಯ ಸ್ಥಾನವನ್ನು ಕೊಟ್ಟನು. ಪರೀಕ್ಷೆಯ ಅಂಕಗಳಿಗಾಗಿ ಇದನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿ, ಅದರಲ್ಲಿ ಅಡಗಿರುವ ಸೂಕ್ಷ್ಮವನ್ನು ಒಮ್ಮೆಯಾದರೂ ನಿಂತು ನೋಡಬೇಕು. ಸಂಸ್ಕೃತಪದವನ್ನು ಕನ್ನಡಪದದೊಡನೆ ಸಮಾಸ ಮಾಡಿದರೆ ಅರಿಸಮಾಸ, ಅಂದರೆ ಶತ್ರುಗಳನ್ನು ಜೊತೆಗೂಡಿಸಿದಂತೆ ಎಂದು ವೈಯಾಕರಣರು ನಿಷೇಧಿಸಿದರು; ಗಮಕ ಮತ್ತು ಕ್ರಿಯಾಸಮಾಸಗಳಿಗೆ ಮಾತ್ರ ಆ ದೋಷವಿಲ್ಲವೆಂದು ಬಿಟ್ಟುಕೊಟ್ಟರು. ಶುದ್ಧಾಶುದ್ಧದ ಚರ್ಚೆ ಹೊಸದಲ್ಲವೆಂಬುದಕ್ಕೆ ಇದು ಸಾಕ್ಷಿ. ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ‘ಮಾರಯ್ಯ’ ಕನ್ನಡದ ಹೆಸರು, ‘ಪ್ರಿಯ’ ಸಂಸ್ಕೃತ. ಕಟ್ಟುನಿಟ್ಟಾಗಿ ನೋಡಿದರೆ ಈ ಅಂಕಿತವೇ ಅರಿಸಮಾಸ! ಗಂಡನ ಹೆಸರನ್ನೂ ಊರ ದೈವವನ್ನೂ ಒಂದೇ ಉಸಿರಿನಲ್ಲಿ ಕೂಡಿಸುವ ಶರಣೆಗೆ ವೈಯಾಕರಣರ ವೈರದ ಚಿಂತೆ ಇದ್ದಂತೆ ಕಾಣುವುದಿಲ್ಲ.

ನೆರೆಹೊರೆಯ ಭಾಷೆಗಳ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಬೆರಕೆಯೆಂಬುದನ್ನು ನಾವು ಸಾಮಾನ್ಯವಾಗಿ ಒಮ್ಮುಖದ ಕ್ರಿಯೆಯೆಂದು ಭಾವಿಸುತ್ತೇವೆ: ಉರ್ದು ಬಂದಿತು, ಕನ್ನಡ ಕೆಟ್ಟಿತು. ಈ ಭಾಗದ ದಖನಿಯನ್ನು ಕೇಳಿದವರಿಗೆ ಹಾಗೆನಿಸಲಾರದು. ‘ಬರ್ತೀನಿ ಅಂತ ಹೇಳ್ಯಾನ’ ಎಂಬುದನ್ನು ದಖನಿಯಲ್ಲಿ ‘ಆತೂಂ ಬೋಲ್ಕೆ ಬೋಲ್ಯಾ’ ಎನ್ನುತ್ತಾರೆ. ತೆಲುಗಿನಲ್ಲಿ ‘ವಸ್ತಾನು ಅನಿ ಚೆಪ್ಪಾಡು’. ಮರಾಠಿಯಲ್ಲಿ ‘ಮ್ಹಣೂನ್’ ಎಂಬುದು ಇದೇ ಕೆಲಸ ಮಾಡುತ್ತದೆ. ‘ಅಂತ’, ‘ಅನಿ’, ‘ಬೋಲ್ಕೆ’, ‘ಮ್ಹಣೂನ್’ ಎಲ್ಲವೂ ‘ಎಂದು’ ಎಂಬರ್ಥದವು. ಎಲ್ಲವೂ ನುಡಿಯುವ ಧಾತುವಿನಿಂದ ಬಂದವು. ಎಲ್ಲವೂ ಉದ್ಧೃತ ವಾಕ್ಯದ ಕೊನೆಗೆ ನಿಲ್ಲುತ್ತವೆ. ದಿಲ್ಲಿಯ ಉರ್ದುವಿನಲ್ಲಿ ‘ಉಸ್‌ನೇ ಕಹಾ ಕಿ ಮೈಂ ಆಊಂಗಾ’ ಎಂದು ಕ್ರಿಯಾಪದ ಮೊದಲು ಬಂದು, ನಡುವೆ ‘ಕಿ’ ನಿಂತು, ಉದ್ಧೃತ ವಾಕ್ಯ ಹಿಂದೆ ಬರುತ್ತದೆ. ದಖನಿ ಪದಗಳನ್ನು ಉತ್ತರದಿಂದ ತಂದಿತು, ವಾಕ್ಯದ ನಡಿಗೆಯನ್ನು ಇಲ್ಲಿ ಕಲಿಯಿತು. ಹೀಗೆ ಬೇರೆ ಬೇರೆ ವರ್ಗದ ಭಾಷೆಗಳು ಒಂದೇ ನೆಲದಲ್ಲಿ ಬಹುಕಾಲ ಬಾಳಿ ಒಂದರ ಗುಣವನ್ನೊಂದು ಪಡೆಯುವುದನ್ನು ಎಮೆನೋ 1956ರ ತಮ್ಮ ಪ್ರಬಂಧದಲ್ಲಿ ಚರ್ಚಿಸಿ, ಭಾರತವನ್ನೇ ಒಂದು ಭಾಷಾಕ್ಷೇತ್ರವೆಂದು ಕರೆದರು.

ಇದರ ಅತ್ಯಂತ ಸ್ಪಷ್ಟವಾದ ಪರೀಕ್ಷೆ ನಡೆದುದು ನಮ್ಮ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯಲ್ಲಿ, ಆಗ ಹಳ್ಳಿಯಾಗಿದ್ದ ಕುಪವಾಡದಲ್ಲಿ. ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಅಲ್ಲಿ ಜೈನರೂ ಲಿಂಗಾಯತರೂ ಕನ್ನಡವನ್ನು, ಮುಸಲ್ಮಾನರು ಉರ್ದುವನ್ನು, ಬೇರೆ ಕೆಲವರು ಮರಾಠಿಯನ್ನು ಮನೆಯಲ್ಲಿ ಆಡುತ್ತಿದ್ದರು; ತೆಲುಗಿನವರೂ ಕೆಲವರಿದ್ದರು. ಶತಮಾನಗಳ ಸಹವಾಸದಿಂದ ಈ ಭಾಷೆಗಳ ವಾಕ್ಯಗಳು ಎಷ್ಟು ಸಮೀಪಕ್ಕೆ ಬಂದಿದ್ದವೆಂದರೆ, ಪದಕ್ಕೆ ಪದ, ಪ್ರತ್ಯಯಕ್ಕೆ ಪ್ರತ್ಯಯ ಇಟ್ಟು ಒಂದರಿಂದ ಇನ್ನೊಂದಕ್ಕೆ ಹೋಗಬಹುದಾಗಿತ್ತು. ಮರಾಠಿಯ ಲಿಂಗವ್ಯವಸ್ಥೆ ಅಲ್ಲಿ ಕನ್ನಡದ ಕಡೆಗೆ ಸರಿದಿತ್ತು: ಮನುಷ್ಯರಲ್ಲಿ ಗಂಡು, ಹೆಣ್ಣು, ಉಳಿದುದೆಲ್ಲ ನಪುಂಸಕ. ಕನ್ನಡವೂ ಕೊಟ್ಟು ಸುಮ್ಮನಿರಲಿಲ್ಲ. ‘ಇದು ನಿಮ್ಮ ಮನೆ’ ಎಂಬಲ್ಲಿ ಬೇರೆಡೆಯ ಕನ್ನಡಕ್ಕೆ ಕ್ರಿಯಾಪದ ಬೇಡ. ಕುಪವಾಡದ ಕನ್ನಡ ಮರಾಠಿ ಉರ್ದುಗಳಂತೆ ‘ಐತಿ’ಯನ್ನು ಸೇರಿಸಿಕೊಂಡಿತ್ತು. ಹೀಗೆ ವ್ಯಾಕರಣಗಳು ಒಂದಾಗುತ್ತ ಬಂದರೂ ಪದಗಳನ್ನು ಮಾತ್ರ ಪ್ರತಿಯೊಂದು ಮನೆತನ ತನ್ನದೆಂದು ಕಾದುಕೊಂಡಿತ್ತು. ಶುದ್ಧಿಯ ಕಾವಲುಗಾರರು ಹೆದರುವುದಕ್ಕೆ ಇದು ನೇರ ವಿರುದ್ಧವಾದ ಚಿತ್ರ. ಪದಗಳು ಕಣ್ಣಿಗೆ ಕಾಣುತ್ತವೆ, ಆದುದರಿಂದ ಗುರುತಿಗೆ ಒದಗುತ್ತವೆ. ಕಟ್ಟೋಣ ಕಾಣದೆ ಕೈಬದಲಾಗುತ್ತದೆ.

ಲಿಪಿಯನ್ನು ಭಾಷೆಯೆಂದು ತಿಳಿಯುವುದು ಮತ್ತೊಂದು ತೊಡಕು. ಮಸ್ಕಿಯ ಬಂಡೆಶಾಸನ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದಿತು. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಅದರಿಂದ ಖಚಿತವಾಯಿತು. ಆ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಇಂದಿನ ಕನ್ನಡ ಲಿಪಿ ಆ ಬ್ರಾಹ್ಮಿಯ ವಂಶದ್ದು, ಆದರೆ ಕನ್ನಡ ಭಾಷೆ ಆ ಪ್ರಾಕೃತದ ವಂಶದ್ದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕಶಾಸನವನ್ನು ಬರೆದ ಲಿಪಿಕಾರ ಚಪಡ, ತನ್ನ ವೃತ್ತಿಯನ್ನು ಹೇಳುವ ಒಂದು ಪದವನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಭಾಷೆ ಬದಲಾಗಲಿಲ್ಲ, ಅಕ್ಷರ ಬದಲಾಯಿತು. ತನ್ನದೇ ಲಿಪಿಯಿಲ್ಲದೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ದೇವನಾಗರಿಯಲ್ಲಿಯೂ ಬರೆಸಿಕೊಳ್ಳುವ ಲಂಬಾಣಿಗೆ ವ್ಯಾಕರಣವಿಲ್ಲವೆನ್ನುವವರು ಚಪಡನನ್ನು ನೆನೆಯಬೇಕು.

‘ಶಿಷ್ಟ’ವೆಂಬುದು ಯಾವಾಗಲೂ ಒಂದೇ ಕಡೆ ಇರುವುದಿಲ್ಲ. ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡನ್ನು ತಿರುಳ್ಗನ್ನಡದ ನಾಡೆಂದು ಗುರುತಿಸುತ್ತದೆ. ಕೊಪಣವೆಂದರೆ ಇಂದಿನ ಕೊಪ್ಪಳ. 1997ರವರೆಗೆ ರಾಯಚೂರು ಜಿಲ್ಲೆಯೊಳಗೇ ಇದ್ದ ಊರು. ಅಂದು ಕನ್ನಡದ ತಿರುಳು ಲಿಂಗಸುಗೂರಿನ ನೆರೆಯಲ್ಲಿತ್ತು. ಇಂದು ಅದೇ ಸೀಮೆಯವರಿಗೆ ಮೈಸೂರು ಬೆಂಗಳೂರುಗಳ ರೂಪವೇ ಮಾದರಿಯಾಗಿದೆ. ರಾಜಧಾನಿ, ಮುದ್ರಣಾಲಯ, ಪಠ್ಯಪುಸ್ತಕಗಳು ಹೋದಲ್ಲಿಗೆ ಶಿಷ್ಟತೆಯೂ ಹೋಯಿತು. ಅದೇ ಗ್ರಂಥ ‘ಕನ್ನಡಂಗಳ್’ ಎಂದು ಬಹುವಚನದಲ್ಲಿ ಹೇಳಿದುದನ್ನೂ ಮರೆಯಬಾರದು.

ಮಾದರಿಯೊಂದು ಇರಬಾರದೆಂದು ನನ್ನ ಅಭಿಪ್ರಾಯವಲ್ಲ. ಬರವಣಿಗೆಗೆ, ದೂರದೂರದವರ ವ್ಯವಹಾರಕ್ಕೆ ಅದು ಬೇಕು. ಈ ಲೇಖನವೂ ಅದರಲ್ಲಿಯೇ ಇದೆ. ಆದರೆ ಅದಕ್ಕೆ ಹೊರಗಿನದೆಲ್ಲ ನಿಯಮವಿಲ್ಲದ ಮಾತು ಎಂಬುದು ಸುಳ್ಳು. ‘ಮನಿ’, ‘ತಲಿ’, ‘ಕೆರಿ’ ಎನ್ನುವವನು ಎಕಾರಾಂತ ನಾಮಪದಗಳಿಗೆಲ್ಲ ಒಂದೇ ನಿಯಮವನ್ನು ಹಚ್ಚುತ್ತಿದ್ದಾನೆ. ‘ಮನ್ಯಾಗ’, ‘ಊರಾಗ’, ‘ಹೊಲದಾಗ’ ಎಂಬಲ್ಲಿಯ ‘ಆಗ’ ಪ್ರತ್ಯಯ ‘ಒಳಗೆ’ ಎಂಬುದರ ಸವೆದ ರೂಪ. ಹಳಗನ್ನಡದ ಸಪ್ತಮಿಯ ‘ಒಳ್’ ಅದರಲ್ಲಿ ಜೀವಂತವಾಗಿದೆ. ‘ಮನೆಯಲ್ಲಿ’ ಎಂದು ತಿದ್ದುವ ಉಪಾಧ್ಯಾಯರು ಪಂಪನಿಗೆ ಹತ್ತಿರವಾದುದನ್ನು ಅಳಿಸಿ ದೂರವಾದುದನ್ನು ಬರೆಸುತ್ತಿರಬಹುದೆಂಬ ಶಂಕೆಯನ್ನಾದರೂ ಇಟ್ಟುಕೊಳ್ಳಬೇಕು.

ಇದಕ್ಕಿಂತ ಮುಖ್ಯವಾದ ಉದಾಹರಣೆಯೊಂದಿದೆ. ಈ ಸೀಮೆಯ ರೈತ ‘ಮಳಿ ಬರಂಗಿಲ್ಲ’ ಎಂದೂ ಹೇಳುತ್ತಾನೆ, ‘ಮಳಿ ಬಂದಿಲ್ಲ’ ಎಂದೂ ಹೇಳುತ್ತಾನೆ, ‘ಮಳಿ ಬರವಲ್ದು’ ಎಂದೂ ಹೇಳುತ್ತಾನೆ. ಮೊದಲನೆಯದು ಬರುವುದಿಲ್ಲವೆಂಬ 	ನಿರ್ಧಾರ. ಎರಡನೆಯದು ಈವರೆಗೆ ಬಾರದ ವರದಿ. ಮೂರನೆಯದು ಬೇರೆಯೇ. ಬರಬೇಕಾದುದು, ಬರಲೆಂದು ಕಾದುದು, ಬರಲು ಒಲ್ಲದಿರುವುದು. ‘ಬರಲ್ ಒಲ್ಲದು’ ಎಂಬುದೇ ‘ಬರವಲ್ದು’ ಆಗಿದೆ. ಪಠ್ಯಪುಸ್ತಕದ ಕನ್ನಡದಲ್ಲಿ ಇದಕ್ಕೆ ‘ಬರುತ್ತಿಲ್ಲ’ ಎಂದು ಬರೆಯಬೇಕು. ಕಾಯುತ್ತಿರುವವನ ಎದೆಯ ಭಾರ ಅಲ್ಲಿ ಉಳಿಯುವುದಿಲ್ಲ. ‘ಲೆಕ್ಕ ತಿಳಿವಲ್ದು’ ಎನ್ನುವ ಹುಡುಗ ತಾನು ಪ್ರಯತ್ನಿಸುತ್ತಿರುವೆನೆಂಬುದನ್ನು ಆ ಒಂದು ಕ್ರಿಯಾರೂಪದಲ್ಲಿಯೇ ಹೇಳಿಬಿಟ್ಟಿರುತ್ತಾನೆ. ಅದನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದಾಗ ಅವನಿಂದ ಕಸಿದುಕೊಂಡುದು ಒಂದು ಗ್ರಾಮ್ಯಶಬ್ದವನ್ನಲ್ಲ, ಶಿಷ್ಟಭಾಷೆಯಲ್ಲಿ ಸಿಕ್ಕದ ಒಂದು ಅರ್ಥಭೇದವನ್ನು.

ವಚನಗಳ ಭಾಷೆಯನ್ನು ಕುರಿತ ವಿಮರ್ಶೆಗೆ ಇದೆಲ್ಲದರಿಂದ ಏನು ಪ್ರಯೋಜನ? ‘ವಚನಗಳು ಹನ್ನೆರಡನೆಯ ಶತಮಾನದ ಆಡುಮಾತಿನಲ್ಲಿವೆ’ ಎಂಬ ಹೇಳಿಕೆಯನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕೆಂಬುದು ಮೊದಲನೆಯದು. ವಚನಗಳು ನಮಗೆ ದೊರೆತಿರುವುದು ಬಹುಮಟ್ಟಿಗೆ ಹದಿನೈದನೆಯ ಶತಮಾನದಿಂದೀಚಿನ ತಾಳೆಯೋಲೆಗಳಲ್ಲಿ, ಶೂನ್ಯಸಂಪಾದನೆಯಂಥ ಆ ಶತಮಾನದ ಸಂಕಲನಗಳಲ್ಲಿ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದುದೂ ಇಂಥ ಓಲೆಗಳನ್ನು ಆಧರಿಸಿಯೇ. ‘ಪಾಲು’ ‘ಹಾಲು’ ಆದ, ‘ಪೂ’ ‘ಹೂ’ ಆದ ಬದಲಾವಣೆ ಸುಮಾರು ಹತ್ತನೆಯ ಶತಮಾನದಿಂದ ಶಾಸನಗಳಲ್ಲಿ ತಲೆದೋರಿ ನಿಧಾನವಾಗಿ ಹರಡಿತು. ವಚನದ ಪಾಠದಲ್ಲಿ ಹಕಾರವಿದ್ದರೆ ಅದು ವಚನಕಾರನ ಬಾಯಿಯದೋ ಓಲೆ ಬರೆದವನ ಕೈಯದೋ ಎಂದು ಆ ಅಕ್ಷರವೊಂದರಿಂದಲೇ ತೀರ್ಮಾನಿಸಲು ಬರುವುದಿಲ್ಲ. ಕೇಶಿರಾಜ ‘ೞ’ಕಾರವುಳ್ಳ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಪಟ್ಟಿ ಬೇಕಾಯಿತೆಂದರೆ ಆಗಲೇ ಆ ಧ್ವನಿ ನಾಲಗೆಗಳಿಂದ ಜಾರಿತ್ತೆಂದು ಅರ್ಥ. ಹೀಗಿರಲು, ಧ್ವನಿರೂಪಗಳನ್ನು ಹಿಡಿದು ವಚನದ ‘ಆಡುಮಾತುತನ’ವನ್ನು ಸ್ಥಾಪಿಸುವುದಕ್ಕಿಂತ ವಾಕ್ಯದ ಕಟ್ಟೋಣವನ್ನು ಹಿಡಿದು ನೋಡುವುದು ಹೆಚ್ಚು ಭದ್ರವಾದ ದಾರಿ. ಲಿಪಿಕಾರನಿಗೆ ಅಕ್ಷರವನ್ನು ಬದಲಿಸುವುದು ಸುಲಭ, ವಾಕ್ಯವನ್ನು ಕಟ್ಟಿದ ರೀತಿಯನ್ನು ಬದಲಿಸುವುದು ಅಷ್ಟು ಸುಲಭವಲ್ಲ.

ಅನುವಾದದ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಸ್ವತಃ ಭಾಷಾವಿಜ್ಞಾನಿಯಾಗಿದ್ದ ಎ. ಕೆ. ರಾಮಾನುಜನ್ ತಮ್ಮ 1973ರ ಇಂಗ್ಲಿಷ್ ಅನುವಾದಗಳಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ‘ಕೂಡುವ ನದಿಗಳ ಒಡೆಯ’ ಎಂಬರ್ಥ ಬರುವಂತೆ ಅರ್ಥಾನುವಾದ ಮಾಡಿದರು. ಕನ್ನಡಿಗನಿಗೆ ಆ ಹೆಸರಿನಲ್ಲಿ ಸಂಗಮವೂ ಕೇಳಿಸುತ್ತದೆ, ಕೃಷ್ಣೆ ಮಲಪ್ರಭೆಗಳು ಸೇರುವ ಒಂದು ನಿರ್ದಿಷ್ಟ ಊರಿನ ಗುಡಿಯೂ ಕಾಣಿಸುತ್ತದೆ. ಇಂಗ್ಲಿಷಿನ ಓದುಗನಿಗೆ ಮೊದಲನೆಯದನ್ನು ಕೊಡಲು ಎರಡನೆಯದನ್ನು ಬಿಡಬೇಕಾಯಿತು, ಹೆಸರು ವರ್ಣನೆಯಾಯಿತು. ಇದು ಅನುವಾದಕರ ಅಸಾಮರ್ಥ್ಯವಲ್ಲ, ಎರಡು ಭಾಷೆಗಳ ನಡುವಣ ಅಂತರ. ಆದರೂ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ವನ್ನು ಅದೇ ಕ್ರಮದಲ್ಲಿ ಬಿಡಿಸಿ ‘ಮಾರಯ್ಯನಿಗೆ ಪ್ರಿಯನಾದ ಅಮರರ ಒಡೆಯ’ ಎಂದು ಮಾಡಿದರೆ ಗುರುಗುಂಟೆಯ ಪಕ್ಕದ ಗುಡಿ ಪೂರ್ತಿಯಾಗಿ ಮಾಯವಾಗುತ್ತದೆ. ಊರನ್ನು ಉಳಿಸಿಕೊಂಡು ಅರ್ಥವನ್ನು ಅಡಿಟಿಪ್ಪಣಿಗೆ ಕಳಿಸುವುದೇ ಲೇಸೆಂದು ನನಗೆ ತೋರುತ್ತದೆ.

ಇನ್ನು ನಿಷೇಧ. ಹಳಗನ್ನಡದಲ್ಲಿ ‘ಕಾಣ್ಬೆನ್’ ಎಂದರೆ ಕಾಣುತ್ತೇನೆ, ‘ಕಾಣೆನ್’ ಎಂದರೆ ಕಾಣುವುದಿಲ್ಲ. ಸಂಸ್ಕೃತಕ್ಕೆ ‘ನ’ ಬೇಕು, ಹಿಂದಿಗೆ ‘ನಹೀಂ’ ಬೇಕು. ಇಂಗ್ಲಿಷಿಗೆ ‘ನಾಟ್’ ಜೊತೆಗೆ ಒಂದು ಸಹಾಯಕ್ರಿಯೆಯೂ ಬೇಕು. ಕನ್ನಡ ಏನನ್ನೂ ಸೇರಿಸುವುದಿಲ್ಲ, ನಡುವಿನ ಕಾಲಸೂಚಕವನ್ನು ತೆಗೆದುಬಿಡುತ್ತದೆ. ಧಾತುವಿಗೆ ನೇರವಾಗಿ ಪುರುಷಪ್ರತ್ಯಯ ತಾಗಿದರೆ ಅದೇ ಇಲ್ಲವೆಂಬ ಅರ್ಥ. ಪ್ರಪಂಚದ ಭಾಷೆಗಳಲ್ಲಿ ಅಪರೂಪವಾದ ಈ ರಚನೆ ದ್ರಾವಿಡ ಭಾಷೆಗಳ ವೈಶಿಷ್ಟ್ಯ. ಗ್ರಾಂಥಿಕ ಕನ್ನಡದಲ್ಲಿ ‘ಅರಿಯೆ’, ‘ಕಾಣೆ’ ಎಂಬ ಕೆಲವು ರೂಪಗಳಷ್ಟೇ ಇದರ ಕುರುಹಾಗಿ ಉಳಿದಿವೆ. ಪತ್ರಿಕೆಗಳ ‘ಕಾಣೆಯಾಗಿದ್ದಾರೆ’ ಪ್ರಕಟಣೆಯಲ್ಲಿರುವುದೂ ಅದೇ. ವಚನಗಳಲ್ಲಿ ಈ ನಿಷೇಧರೂಪಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಅವುಗಳಲ್ಲಿ ‘ಒಲ್ಲೆ’ ಎಂಬುದಕ್ಕೆ ವ್ಯಾಖ್ಯಾನಕಾರರು ‘ಬೇಡ’ ಎಂದು ಅರ್ಥ ಬರೆದು ಮುಂದೆ ಹೋಗುತ್ತಾರೆ. ‘ಬೇಡ’ ಎಂಬುದರಲ್ಲಿ ಹೇಳುವವನಿಲ್ಲ. ಅದು ಎಲ್ಲ ಪುರುಷರಿಗೂ ಒಂದೇ. ‘ಒಲ್ಲೆ’ ಎಂಬುದು ‘ಒಲ್’ ಧಾತುವಿನದು. ‘ಒಲವು’, ‘ಒಲಿ’ಗಳ ಬಳಗದ ಈ ಧಾತುವಿಗೆ ‘ನಾನು’ ಎಂಬ ಪ್ರತ್ಯಯ ತಾಗಿ ನಿಂತಿದೆ. ನನ್ನ ಒಲವು ಅಲ್ಲಿಲ್ಲ ಎಂಬುದು ಅದರ ಅಕ್ಷರಾರ್ಥ. ಮೈಸೂರಿನ ಓದುಗನಿಗೆ ಅದು ಗ್ರಂಥದಲ್ಲಿ ಮಾತ್ರ ಕಾಣುವ ಶಬ್ದವಾಗಿರಬಹುದು. ಗುರುಗುಂಟೆಯ ಕಡೆಯ ಮನೆಯಲ್ಲಿ ಇನ್ನೊಂದು ರೊಟ್ಟಿ ಬಡಿಸಲು ಬಂದಾಗ ಕೂಸು ತಟ್ಟೆಯ ಮೇಲೆ ಕೈ ಅಡ್ಡವಿಟ್ಟು ‘ನಾ ಒಲ್ಲೆ’ ಎನ್ನುತ್ತದೆ. ಹೆಚ್ಚಿನ ಅಕ್ಕಿಯನ್ನು ಮರಳಿ ಕಳಿಸಿದ ಲಕ್ಕಮ್ಮನ ನಿರಾಕರಣೆಯ ವ್ಯಾಕರಣವನ್ನು ಆ ಕೂಸಿಗೆ ವಿವರಿಸಿ ಹೇಳಬೇಕಾಗಿಲ್ಲ. ಶಾಲೆಗೆ ಹೋದ ಮೇಲೆ ಅದನ್ನು ‘ನನಗೆ ಬೇಡ’ ಎಂದು ತಿದ್ದದಿದ್ದರಾಯಿತು.